ಅರವತ್ತೊಂದನೇ ಚುಕ್ಕಿ

ನಮ್ಮ ಮನೆಯ ಊಟದ ಮೇಜಿನ ಮೇಲೆ ಈಗ ಊಟಕ್ಕೆ ಜಾಗವಿಲ್ಲ. ಅರ್ಧ ಮೇಜನ್ನು ಒಂದು ಯಂತ್ರ ಹಿಡಿದುಕೊಂಡಿದೆ. ನೋಡಲು ಪ್ರಿಂಟರಿನ ಹಾಗೇ ಇದೆ, ಆದರೆ ಒಳಗೆ ಶಾಯಿಯ ಬದಲು ಅಕ್ಕಿಕಾಳಿನಷ್ಟು ಸಣ್ಣ ಬ್ಲೇಡು. ಅಂಟಿರುವ ಮ್ಯಾಟಿನ ಮೇಲೆ ಕಾಗದ ಒತ್ತಿ ಒಳಗೆ ಬಿಟ್ಟರೆ, ಕಂಪ್ಯೂಟರಿನಲ್ಲಿ ತೋರಿಸಿದ ಆಕಾರವನ್ನು ಕರಕರ ಅಂತ ಕತ್ತರಿಸಿ ಹೊರಗೆ ಕೊಡುತ್ತದೆ. ಹೋದ ವರ್ಷ ನ್ಯೂಜೆರ್ಸಿಯಿಂದ ಬಂದ ನನ್ನ ತಂಗಿ ಅದನ್ನು ಸ್ವೆಟರುಗಳ ನಡುವೆ ಸುತ್ತಿ ತಂದಳು. ನಮ್ಮವರು ಅದಕ್ಕೆ ‘ಇಲಿ’ ಎಂದು ಹೆಸರಿಟ್ಟಿದ್ದಾರೆ. ರಾತ್ರಿ ಹತ್ತರ ಮೇಲೆ ಸದ್ದು ಕೇಳಿದರೆ “ಇಲಿಗೆ ಇನ್ನೂ ಹೊಟ್ಟೆ ತುಂಬಲಿಲ್ವಾ?” ಅನ್ನುತ್ತಾರೆ.

ಗಣೇಶನ ಹಬ್ಬದ ಹೊತ್ತಿಗೆ ಇದೇ ಅಂಕಣದಲ್ಲಿ ಕಾಗದದ ಮಂಟಪದ ಬಗ್ಗೆ ಬರೆದಿದ್ದೆ. ಅಲಂಕಾರದ ಥರ್ಮೋಕೋಲಿಗೆ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧ ಇದೆಯಲ್ಲ, ಅದಕ್ಕೆ ಬದಲಿಯಾಗಿ ದಪ್ಪ ಕಾಗದದಲ್ಲಿ ಕಂಬ, ಕಮಾನು, ಪ್ರಭಾವಳಿ ಎಲ್ಲ ಕತ್ತರಿಸಿ ನಿಲ್ಲಿಸಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಮಂಟಪದ ಬಗ್ಗೆ ಮಾತು ಕಡಿಮೆ, ಪ್ರಶ್ನೆ ಜಾಸ್ತಿ. “ಡಿಸೈನು ಎಲ್ಲಿಂದ ತಂದಿರಿ? ದುಡ್ಡು ಕೊಟ್ಟಿರಾ?” ಅಂತ. ಅರಸೀಕೆರೆಯ ಓದುಗರೊಬ್ಬರು “ಪುಕ್ಕಟೆ ಸಿಗುವುದಾದರೆ ಹೇಳಿ, ಇಲ್ಲದಿದ್ದರೆ ಬೇಡ” ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಆ ನೇರ ಮಾತು ನನಗೆ ಹಿಡಿಸಿತು. ಸಿಗುತ್ತದೆ. ಆದರೆ ಪುಕ್ಕಟೆಯಲ್ಲೂ ನಾನಾ ತರಹ ಇದೆ. ನಾನು ಎಲ್ಲೆಲ್ಲಿ ಎಡವಿದೆ ಅನ್ನುವುದನ್ನೂ ಸೇರಿಸಿಯೇ ಹೇಳುತ್ತೇನೆ.

ಮೊದಲು ಮಕ್ಕಳಿಗೆ ಒಂದು ಮಾತು. ನೀವು ಪತ್ರಿಕೆಯಲ್ಲಿ ‘ಚುಕ್ಕಿ ಸೇರಿಸಿ ಚಿತ್ರ ಬಿಡಿಸಿ’ ಆಡುತ್ತೀರಲ್ಲ, ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಗೆರೆ ಎಳೆಯುವುದು? ಈ ಯಂತ್ರಕ್ಕೆ ಬೇಕಾದದ್ದು ಅಂಥದ್ದೇ ಪಟ್ಟಿ. ಫೋನಿನಲ್ಲಿ ತೆಗೆದ ಫೋಟೋ ಎಂದರೆ ಲಕ್ಷಾಂತರ ಬಣ್ಣದ ಚೌಕಗಳು; ಬ್ಲೇಡು ಎಲ್ಲಿಂದ ಎಲ್ಲಿಗೆ ಹೋಗಬೇಕು ಅನ್ನುವುದು ಅದರಲ್ಲಿ ಬರೆದಿರುವುದಿಲ್ಲ. ಕಟ್ ಫೈಲು ಎಂದರೆ ದಾರಿಯ ಪಟ್ಟಿ. ಇಲ್ಲಿಂದ ಶುರು ಮಾಡು, ಹೀಗೆ ಬಾಗು, ಅಲ್ಲಿ ನಿಲ್ಲು. ಆದ್ದರಿಂದಲೇ ಅದನ್ನು ಬೆರಳುಗುರಿನಷ್ಟು ಮಾಡಿದರೂ ಬಾಗಿಲಿನಷ್ಟು ಮಾಡಿದರೂ ಅಂಚು ಒಡೆಯುವುದಿಲ್ಲ. ಇಂಥ ಫೈಲುಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು ಎಸ್‌ವಿಜಿ. 2001ರಲ್ಲಿ ಇದಕ್ಕೆ ಮಾನದಂಡ ಗೊತ್ತುಮಾಡಿದ್ದು ವೆಬ್ ಪುಟಗಳ ಚಿತ್ರಗಳಿಗಾಗಿ. ಯಾರದೋ ಊಟದ ಮೇಜಿನ ಮೇಲೆ ಪ್ರಭಾವಳಿ ಕತ್ತರಿಸಲು ಅದು ಬರುತ್ತದೆ ಅಂತ ಅಂದು ಯಾರೂ ಎಣಿಸಿರಲಾರರು.

ನಿಮ್ಮ ಯಂತ್ರ ಯಾವುದು ಅನ್ನುವುದರ ಮೇಲೆ ಯಾವ ಫೈಲು ಬೇಕು ಅನ್ನುವುದು ನಿಂತಿದೆ. ಕ್ರಿಕಟ್ ಯಂತ್ರದ ತಂತ್ರಾಂಶ ಎಸ್‌ವಿಜಿಯನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಸಿಲೂಯೆಟ್ ಯಂತ್ರದ್ದಾದರೆ ಕಂಪ್ಯೂಟರಿಗೆ ಉಚಿತವಾಗಿ ಸಿಗುವ ಮೊದಲ ಆವೃತ್ತಿಯಲ್ಲಿ ಡಿಎಕ್ಸ್‌ಎಫ್ ತೆರೆಯುತ್ತದೆ, ಎಸ್‌ವಿಜಿಗೆ ದುಡ್ಡು ಕೊಟ್ಟು ಮೇಲಿನ ಆವೃತ್ತಿಗೆ ಹೋಗಬೇಕು. ಅದಕ್ಕೇ ಒಳ್ಳೆಯ ವಿನ್ಯಾಸಕಾರರು ಒಂದೇ ಜಿಪ್‌ನಲ್ಲಿ ಎರಡನ್ನೂ ಕಟ್ಟಿ ಕೊಟ್ಟಿರುತ್ತಾರೆ. ಯಂತ್ರವೇ ಇಲ್ಲದವರು ಬೇಸರಪಡಬೇಡಿ. ಅದೇ ಫೈಲನ್ನು ಪ್ರಿಂಟ್ ತೆಗೆಸಿ, ಕೆಳಗೆ ಹಳೆಯ ರಟ್ಟು ಇಟ್ಟು, ಪೇಪರ್ ಕಟರಿನಲ್ಲಿ ಕತ್ತರಿಸಿದರೂ ಆಗುತ್ತದೆ. ಕಟರು ಹಿಡಿಯುವುದು ಮಾತ್ರ ದೊಡ್ಡವರು.

ಈಗ ನನ್ನ ಮೊದಲ ಎಡವಟ್ಟು. ಮಂಟಪದ ಪ್ರಭಾವಳಿ ಇಳಿಸಿಕೊಂಡದ್ದು ಪುಕ್ಕಟೆ ಫೈಲಿನಿಂದ. ‘10 ಇಂಚು ಅಗಲ’ ಅಂತ ಬರೆದಿತ್ತು. ಹಬ್ಬದ ಹಿಂದಿನ ರಾತ್ರಿ, ಹೂರಣ ರುಬ್ಬುವ ನಡುವೆ, ಚಿನ್ನದ ಬಣ್ಣದ ದುಬಾರಿ ಕಾರ್ಡ್‌ಶೀಟ್ ಹಾಕಿ ಗುಂಡಿ ಒತ್ತಿದೆ. ಬೆಳಗ್ಗೆ ನೋಡಿದರೆ ಗಣಪನ ಕಿರೀಟ ಪ್ರಭಾವಳಿಯಿಂದ ಮೇಲೆ ಇಣುಕುತ್ತಿದೆ. ಅಳೆದರೆ ಏಳೂವರೆ ಇಂಚು. ಕಾರಣ ಆಮೇಲೆ ಗೊತ್ತಾಯಿತು. ಕೆಲವು ತಂತ್ರಾಂಶಗಳು ಒಂದು ಇಂಚಿಗೆ 72 ಬಿಂದು ಎಂದು ಲೆಕ್ಕ ಹಾಕುತ್ತವೆ, ಕೆಲವು 96 ಎಂದು. ಮೊದಲನೆಯದರಲ್ಲಿ ಬರೆದ ಫೈಲನ್ನು ಎರಡನೆಯದರಲ್ಲಿ ತೆರೆದರೆ ಎಲ್ಲವೂ ಮುಕ್ಕಾಲಿಗೆ ಕುಗ್ಗುತ್ತದೆ. ಯಾರ ತಪ್ಪೂ ಅಲ್ಲ, ಅಳೆಯದೇ ಇದ್ದದ್ದು ನನ್ನ ತಪ್ಪು. ಈಗ ಏನೇ ಇಳಿಸಿದರೂ ಮೊದಲು ಪರದೆಯ ಮೇಲೆ ಅಗಲ ನೋಡುತ್ತೇನೆ, ಆಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಒಮ್ಮೆ ಕತ್ತರಿಸಿ ನೋಡುತ್ತೇನೆ. 12 ಇಂಚಿನ ಮ್ಯಾಟಿನಲ್ಲಿ ಪೂರ್ತಿ 12 ಇಂಚು ಸಿಗುವುದಿಲ್ಲ, ಹನ್ನೊಂದೂವರೆ ಅಂದುಕೊಳ್ಳಿ.

ಎಲ್ಲಿ ಹುಡುಕಬೇಕು? ಓಪನ್‌ಕ್ಲಿಪಾರ್ಟ್ ಎಂಬ ಸಂಗ್ರಹದಲ್ಲಿರುವ ಚಿತ್ರಗಳನ್ನು ಬಿಡಿಸಿದವರೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಮನೆಗೂ ಬಳಸಬಹುದು, ಮಾರಾಟಕ್ಕೂ ಬಳಸಬಹುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನ ಸಂಗ್ರಹದ 3,75,000ಕ್ಕೂ ಹೆಚ್ಚು ಚಿತ್ರಗಳನ್ನು ಇದೇ ರೀತಿ ಮುಕ್ತಗೊಳಿಸಿತು. ಅವು ಫೋಟೋಗಳು, ಕಟ್ ಫೈಲುಗಳಲ್ಲ, ಗೆರೆಯಾಗಿ ನಾವೇ ಬದಲಾಯಿಸಿಕೊಳ್ಳಬೇಕು. ಆದರೆ ಹಳೆಯ ಹೂಬಳ್ಳಿ, ಹಕ್ಕಿ, ಅಂಚಿನ ಚಿತ್ತಾರ ನೋಡುತ್ತ ಕೂತರೆ ಒಲೆಯ ಮೇಲಿನ ಹಾಲು ಉಕ್ಕುವುದು ಖಂಡಿತ. ಇನ್ನು ಬೇಕಾದಷ್ಟು ವಿನ್ಯಾಸಕಾರರು ತಮ್ಮ ಪುಟಗಳಲ್ಲಿ ವಾರಕ್ಕೊಂದು ಫೈಲನ್ನು ಪುಕ್ಕಟೆ ಕೊಡುತ್ತಾರೆ. ಅಂಗಡಿಯಲ್ಲಿ ಸಿಹಿಯ ಚೂರು ಕೈಗಿಟ್ಟು ರುಚಿ ನೋಡಿ ಅಂದ ಹಾಗೆ.

ಇಳಿಸುವಾಗ ಒಂದು ಎಚ್ಚರ. ಇಂಥ ಪುಟಗಳಲ್ಲಿ ‘ಡೌನ್‌ಲೋಡ್’ ಅಂತ ದೊಡ್ಡದಾಗಿ ಹೊಳೆಯುವ ಹಸಿರು ಗುಂಡಿ ಬಹಳ ಸಲ ಜಾಹೀರಾತು. ಜಿಪ್ ಬಿಚ್ಚಿದಾಗ ಒಳಗೆ ಎಸ್‌ವಿಜಿ, ಡಿಎಕ್ಸ್‌ಎಫ್, ಪಿಎನ್‌ಜಿ, ಜೊತೆಗೊಂದು ಓದಲು ಬರಹ, ಇಷ್ಟಿರಬೇಕು. ಡಾಟ್ ಇಎಕ್ಸ್‌ಇ ಎಂದು ಮುಗಿಯುವ ಏನೇ ಇದ್ದರೂ ಮುಟ್ಟದೆ ಅಳಿಸಿಬಿಡಿ. ಕತ್ತರಿಸುವ ಚಿತ್ರಕ್ಕೆ ಅದರ ಅಗತ್ಯವೇ ಇಲ್ಲ.

ಆ ‘ಓದಲು ಬರಹ’ ಇದೆಯಲ್ಲ, ಅದನ್ನು ನಾನು ಒಂದು ವರ್ಷ ತೆರೆದೇ ಇರಲಿಲ್ಲ. ಪಕ್ಕದ ಬೀದಿಯವರು ಮೊಮ್ಮಗುವಿನ ನಾಮಕರಣಕ್ಕೆ 40 ಆಹ್ವಾನಪತ್ರ ಮಾಡಿಕೊಡಿ ಅಂದರು. ಮರಿಯಾನೆಯೊಂದು ಸೊಂಡಿಲಲ್ಲಿ ಬಲೂನು ಹಿಡಿದಿರುವ ಪುಕ್ಕಟೆ ಫೈಲು ನನ್ನಲ್ಲಿತ್ತು. ಒಂದಕ್ಕೆ 35 ರೂಪಾಯಿಯಂತೆ ಮಾಡಿಕೊಟ್ಟೆ. ನನ್ನ ಜೀವನದ ಮೊದಲ ‘ಆರ್ಡರ್’. ಮನೆಮಂದಿಗೆಲ್ಲ ಐಸ್‌ಕ್ರೀಮು ಆಯಿತು. ಆಮೇಲೆ ಒಂದು ದಿನ ಏಳನೇ ತರಗತಿಯ ನನ್ನ ಮಗಳು ಅದೇ ಆನೆ ಹುಡುಕುತ್ತ ಆ ಬರಹ ತೆರೆದು ಓದಿದಳು. “ಅಮ್ಮಾ, ಇದರಲ್ಲಿ ಮನೆ ಬಳಕೆಗೆ ಮಾತ್ರ, ಮಾರಾಟ ಮಾಡುವ ಹಾಗಿಲ್ಲ ಅಂತಿದೆ. ನೀನು ಮಾರಿದೆಯಲ್ಲ?”

ಮಾರಿದ್ದೆ. ಪುಕ್ಕಟೆ ಕೊಟ್ಟಿದ್ದಾರೆ ಅಂದರೆ ನನಗೇ ಕೊಟ್ಟಿದ್ದಾರೆ ಅಂತ ತಿಳಿದಿದ್ದೆ. ಆನೆ ಬಿಡಿಸಿದಾಕೆಗೆ ಮಿಂಚಂಚೆ ಬರೆದೆ. ಮಾರಾಟದ ಪರವಾನಗಿಗೆ 5 ಡಾಲರ್ ಎಂದು ಉತ್ತರ ಬಂತು, ಕಳಿಸಿದೆ. ಬೈಗುಳ ನಿರೀಕ್ಷಿಸಿದ್ದೆ, ಬದಲಿಗೆ “ಮಗುವಿನ ಹೆಸರೇನು?” ಅಂತ ಕೇಳಿದ್ದಳು.

ಆದ್ದರಿಂದ ಮಾರುವ ಯೋಚನೆ ಇದ್ದರೆ ಮೊದಲು ಹುಡುಕಬೇಕಾದದ್ದು ಈ ಮಾತುಗಳನ್ನು. ‘ಪರ್ಸನಲ್ ಯೂಸ್’ ಅಂದರೆ ನಿಮ್ಮ ಮನೆ, ನಿಮ್ಮ ಉಡುಗೊರೆ, ಅಷ್ಟೇ. ‘ಸಿಸಿ ಝೀರೋ’ ಅಂದರೆ ಏನು ಬೇಕಾದರೂ ಮಾಡಿ. ‘ಸಿಸಿ ಬೈ’ ಅಂದರೆ ಮಾಡಿದವರ ಹೆಸರು ಹೇಳಿ ಮಾಡಿ. ಅದರ ಜೊತೆ ‘ಎನ್‌ಸಿ’ ಇದ್ದರೆ ವ್ಯಾಪಾರ ಬೇಡ. ಇನ್ನು ಮಿಕ್ಕಿ ಮೌಸ್, ಛೋಟಾ ಭೀಮ್ ತರಹದ ಬೊಂಬೆಗಳು ಪುಕ್ಕಟೆ ಫೈಲಾಗಿ ಎಲ್ಲೆಡೆ ಓಡಾಡುತ್ತಿರುತ್ತವೆ. ಹಾಕಿದವರಿಗೇ ಅದನ್ನು ಹಂಚುವ ಹಕ್ಕು ಇರುವುದು ಅನುಮಾನ. ಮಗುವಿನ ಹುಟ್ಟುಹಬ್ಬಕ್ಕೆ ಮಾಡಿಕೊಳ್ಳುವವರ ಮನೆ ಬಾಗಿಲು ಯಾರೂ ತಟ್ಟುವುದಿಲ್ಲ ಬಿಡಿ, ಆದರೆ ಅಂಗಡಿ ಇಡಬೇಡಿ.

ಹುಟ್ಟುಹಬ್ಬ ಅಂದಾಗ ನೆನಪಾಯಿತು. ಕೇಕಿನ ಮೇಲೆ ಚುಚ್ಚುವ ‘ಹ್ಯಾಪಿ ಬರ್ತ್‌ಡೇ’ ಫೈಲು ಸಾವಿರ ಸಿಗುತ್ತದೆ. ಕನ್ನಡದ್ದು ಹುಡುಕಿ ಹುಡುಕಿ ಸಾಕಾಗಿ ನಾನೇ ಮಾಡಲು ಕೂತೆ. ಯಂತ್ರದ ತಂತ್ರಾಂಶದಲ್ಲೇ ಟೈಪಿಸಿದರೆ ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಪಕ್ಕದಲ್ಲಿ ಸಾಲಾಗಿ ನಿಂತವು, ತಿಂಡಿಗೆ ಸರತಿ ನಿಂತ ಹಾಗೆ. ಆಗ ಕೈಹಿಡಿದದ್ದು ಇಂಕ್‌ಸ್ಕೇಪ್. ಕಂಪ್ಯೂಟರಿಗೆ ಪುಕ್ಕಟೆ ಸಿಗುತ್ತದೆ, ಕನ್ನಡ ಸರಿಯಾಗಿ ಮೂಡುತ್ತದೆ. ಫಾಂಟಿಗೆ ‘ಬಾಲೂ ತಮ್ಮ’ ಆರಿಸಿಕೊಂಡೆ. ದಪ್ಪ, ದುಂಡಗೆ ಇದೆ, ಕಾಗದ ಹರಿಯುವುದಿಲ್ಲ, ಮುಕ್ತ ಪರವಾನಗಿಯಲ್ಲಿದೆ, ಆದ್ದರಿಂದ ಅದರಲ್ಲಿ ಮಾಡಿದ್ದನ್ನು ಮಾರಿದರೂ ತಕರಾರಿಲ್ಲ.

ಟೈಪಿಸಿದ ಮೇಲೆ ‘ಆಬ್ಜೆಕ್ಟ್ ಟು ಪಾತ್’ ಒತ್ತಬೇಕು. ಆಗ ಅಕ್ಷರ ಅಕ್ಷರವಾಗಿ ಉಳಿಯದೆ ಗೆರೆಯಾಗುತ್ತದೆ, ಬೇರೆ ಕಂಪ್ಯೂಟರಿಗೆ ಹೋದರೂ ಕೆಡುವುದಿಲ್ಲ. ಇಷ್ಟು ಮಾಡಿ ಕತ್ತರಿಸಿದೆ. ‘ಹುಟ್ಟುಹಬ್ಬ’ದ ಒತ್ತು ಟ ಒಂದು ಕಡೆ, ಒತ್ತು ಬ ಇನ್ನೊಂದು ಕಡೆ ಉದುರಿ ಬಿತ್ತು. ಇಂಗ್ಲಿಷಿನ ಕೂಡಕ್ಷರ ಕೈ ಕೈ ಹಿಡಿದು ನಿಲ್ಲುತ್ತದೆ. ನಮ್ಮ ಅಕ್ಷರಗಳು ಒಂದೊಂದೂ ಸ್ವತಂತ್ರ, ಒತ್ತು ಅಂತೂ ಅಕ್ಷರದ ಕೆಳಗೆ ಗಾಳಿಯಲ್ಲಿ ತೇಲುತ್ತದೆ. ಉಪಾಯ ಸುಲಭ. ಅಕ್ಷರಗಳ ಬುಡಕ್ಕೂ ಒತ್ತಿನ ತಲೆಗೂ ತಾಗುವ ಹಾಗೆ ಉದ್ದಕ್ಕೆ ಒಂದು ಸಣ್ಣ ಪಟ್ಟಿ ಎಳೆಯಿರಿ, ಮೂರು ಮಿಲಿಮೀಟರ್ ಸಾಕು. ಎಲ್ಲವನ್ನೂ ಆಯ್ದು ‘ಯೂನಿಯನ್’ ಒತ್ತಿ. ಎಲ್ಲ ಸೇರಿ ಒಂದೇ ತುಂಡು. ಇದನ್ನು ಮಾಡದೆ ಬರೀ ಪಟ್ಟಿ ಎಳೆದರೆ ಬ್ಲೇಡು ಪಟ್ಟಿಯನ್ನೂ ಅಕ್ಷರವನ್ನೂ ಬೇರೆ ಬೇರೆಯಾಗಿ ಅಡ್ಡಾದಿಡ್ಡಿ ಕೊಯ್ಯುತ್ತದೆ.

‘ಠ’ದ್ದು ಬೇರೆಯೇ ಕಥೆ. ರಾಜ್ಯೋತ್ಸವಕ್ಕೆ ಮಗಳ ತರಗತಿಯ ಗೋಡೆಗೆ ವರ್ಣಮಾಲೆ ಕತ್ತರಿಸಿದಾಗ ಅದರ ನಡುವಿನ ಚುಕ್ಕಿ ಕಸದ ಜೊತೆ ಹೋಯಿತು. ಎರಡು ದಿನ ‘ಟ’ ಆದ ಮೇಲೆ ಒಂದು ಸೊನ್ನೆಯೇ ಗೋಡೆಯ ಮೇಲಿತ್ತಂತೆ. ಚುಕ್ಕಿ ಉದುರುವುದು ನನ್ನ ಹಣೆಯಲ್ಲಿ ಬರೆದಿತ್ತೋ ಏನೋ.

ಇಷ್ಟು ಹೇಳಿದ ಮೇಲೆ ಅಮ್ಮನ ಪುಸ್ತಕದ ವಿಷಯಕ್ಕೆ ಬರುತ್ತೇನೆ.

ಅಮ್ಮ ನಮ್ಮ ಜೊತೆಗೇ ಇದ್ದಾಳೆ. ಎರಡು ವರ್ಷದಿಂದ ಅವಳ ಬಲಗೈ ನಡುಗುತ್ತದೆ. ಕಾಫಿ ಲೋಟ ಅರ್ಧ ತುಂಬಿಸಿ ಕೊಡುತ್ತೇವೆ. ಅದಕ್ಕೆಲ್ಲ ಅವಳು ಏನೂ ಅನ್ನಲಿಲ್ಲ. ಆದರೆ ಬೆಳಗ್ಗೆ ಬಾಗಿಲಿಗೆ ರಂಗೋಲಿ ಇಡುವುದನ್ನು ಒಂದು ದಿನ ಯಾರಿಗೂ ಹೇಳದೆ ನಿಲ್ಲಿಸಿದಳು. ನಾನು ಹೊಸಿಲಿಗೆ ಎರಡು ಎಳೆ ಎಳೆದು ಒಳಗೆ ಬರುವುದನ್ನು ನೋಡಿ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅವಳ ಹತ್ತಿರ ನೀಲಿ ರಟ್ಟಿನ ಒಂದು ಚೌಕುಳಿ ಪುಸ್ತಕ ಇದೆ. ಮದುವೆಗೆ ಮುಂಚೆ, ಅವಳೂ ದೊಡ್ಡಮ್ಮನೂ ಸೇರಿ ಬರೆದದ್ದು. ಅದರಲ್ಲಿ ಅವಳಿಗೆ ತುಂಬಾ ಇಷ್ಟವಾದದ್ದು 9ರಿಂದ 5ರವರೆಗಿನ ಸಂದು ಚುಕ್ಕಿಯದು. ನಡುವೆ 9 ಚುಕ್ಕಿ, ಮೇಲೂ ಕೆಳಗೂ 8, 7, 6, 5. ಒಟ್ಟು 61. ಎಳೆ ಒಂದೇ, ಎಲ್ಲ ಚುಕ್ಕಿಯನ್ನೂ ಸುತ್ತಿ ಹೊರಟಲ್ಲಿಗೇ ಬರುತ್ತದೆ.

ಅದನ್ನು ಅಚ್ಚು ಮಾಡಿದರೆ? ಜಾತ್ರೆಯಲ್ಲಿ ತೂತಿನ ತಗಡಿನ ಅಚ್ಚು ಮಾರುತ್ತಾರಲ್ಲ, ಹಾಗೆ. ಪುಟವನ್ನು ಹಗಲು ಬೆಳಕಿನಲ್ಲಿ ನೇರ ಮೇಲಿನಿಂದ ಫೋಟೋ ತೆಗೆದೆ. ಇಂಕ್‌ಸ್ಕೇಪಿನಲ್ಲಿ ‘ಟ್ರೇಸ್ ಬಿಟ್‌ಮ್ಯಾಪ್’ ಎಂಬುದಿದೆ. ಫೋಟೋದ ಕಪ್ಪು ಭಾಗವನ್ನು ಗೆರೆಯಾಗಿ ಬದಲಿಸುತ್ತದೆ. ಹಳೆಯ ಕಾಗದ, ತುಂಬಾ ಕಲೆ. ಆ ಕಲೆಗಳನ್ನು ಹೋಗಲಾಡಿಸಲು ‘ಸ್ಪೆಕಲ್ಸ್’ ಅಂತ ಒಂದು ಅಳತೆ ಇದೆ, ಅದನ್ನು ಏರಿಸಿದೆ. ಪುಟ ಲಕಲಕ ಅಂತ ಶುಭ್ರವಾಯಿತು.

ಆಮೇಲೆ ಸೇತುವೆ. ಎಳೆ ಚುಕ್ಕಿಯನ್ನು ಸುತ್ತಿರುತ್ತದಲ್ಲ, ಎಳೆಯನ್ನು ಪೂರ್ತಿ ಕೊಯ್ದರೆ ಒಳಗಿನ ಭಾಗ ಚುಕ್ಕಿಯ ಸಮೇತ ದ್ವೀಪದ ಹಾಗೆ ಕಳಚಿ ಬೀಳುತ್ತದೆ. ಆದ್ದರಿಂದ ಒಂದೊಂದು ಕೋಣೆಗೂ ಎರಡೆರಡು ಕಡೆ ಎಳೆಯನ್ನು ತುಂಡರಿಸಿ ಹಾಳೆಯನ್ನು ಹಾಗೇ ಬಿಡಬೇಕು. ಸಣ್ಣ ಆಯತ ಬಿಡಿಸಿ ಎಳೆಯಿಂದ ‘ಡಿಫರೆನ್ಸ್’ ಮಾಡಿದರೆ ಸೇತುವೆ ಸಿದ್ಧ. ಎರಡು ಸಂಜೆ ಹಿಡಿಯಿತು. ಮುಗಿದ ಖುಷಿಗೆ ಅಂದೇ ರಾತ್ರಿ ನಮ್ಮ ಬಡಾವಣೆಯ ಹೆಂಗಸರ ಕರಕುಶಲ ಗುಂಪಿಗೆ ಫೈಲು ಕಳಿಸಿದೆ. ‘ಅಮ್ಮನ ರಂಗೋಲಿ, ಎಲ್ಲರೂ ಬಳಸಿ’ ಅಂತ ಬರೆದು ಎರಡು ಹೂವಿನ ಚಿತ್ರ ಹಾಕಿದೆ. ಎಷ್ಟು ಜನ ಮುಂದಕ್ಕೆ ಕಳಿಸಿದರೋ.

ಮಾರನೆಯ ದಿನ ಓಎಚ್‌ಪಿ ಹಾಳೆಯಲ್ಲಿ ಕತ್ತರಿಸಿ ಅಮ್ಮನ ಕೈಗೆ ಕೊಟ್ಟೆ. ಕಿಟಕಿಗೆ ಹಿಡಿದು ನೋಡಿದಳು. ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಳು.

“ಅರವತ್ತೇ ಇದೆ ಕಣೇ. ಇನ್ನೊಂದು ಚುಕ್ಕಿ ಎಲ್ಲಿ?”

ಕೆಳಗಿನಿಂದ ಎರಡನೇ ಸಾಲು, ಎಡಗಡೆಯ ಮೊದಲನೆಯದು. ಪುಸ್ತಕದಲ್ಲಿ ಅಲ್ಲಿ ಶಾಯಿ ಮಾಸಿತ್ತು. ಕಲೆ ಅಂತ ತಿಳಿದು ಕಂಪ್ಯೂಟರು ಗುಡಿಸಿ ಹಾಕಿತ್ತು. ಸರಿ ಮಾಡಿ ಇನ್ನೊಂದು ಹಾಳೆ ಕತ್ತರಿಸಿದೆ. ಮರುದಿನ ಬೆಳಗ್ಗೆ ಅಮ್ಮ ಮಣೆ ಹಾಕಿಕೊಂಡು ಬಾಗಿಲಲ್ಲಿ ಕೂತಳು. ಮೊಮ್ಮಗಳು ಹಾಳೆ ಹಿಡಿದಳು, ಅಮ್ಮ ಅಂಗೈಯಲ್ಲಿ ಪುಡಿ ಸವರಿದಳು. ಹಾಳೆ ಎತ್ತಿದಾಗ ಸೇತುವೆ ಇದ್ದಲ್ಲೆಲ್ಲ ಎಳೆ ತುಂಡು ತುಂಡಾಗಿತ್ತು. “ಇರಲಿ, ನಾನು ಸೇರಿಸ್ತೀನಿ” ಅಂದಳು. ಅರ್ಧ ಇಂಚೂ ಇಲ್ಲದ ಆ ಸಂದುಗಳನ್ನು ಒಂದೊಂದೇ ಬೆರಳಿನಲ್ಲಿ ತುಂಬಿದಳು. ಕೆಲವು ಕಡೆ ಗೆರೆ ನಡುಗಿದೆ. ಮುಕ್ಕಾಲು ಗಂಟೆ ಆಯಿತು. ಅವತ್ತು ಉಪ್ಪಿಟ್ಟು ತಣ್ಣಗಾಗಿತ್ತು, ಯಾರೂ ಮಾತಾಡಲಿಲ್ಲ. ಅಂದಿನಿಂದ ಮಳೆಯಿಲ್ಲದ ದಿನವೆಲ್ಲ ನಮ್ಮ ಬಾಗಿಲಿಗೆ ಅಮ್ಮನದೇ ರಂಗೋಲಿ.

ಗುಂಪಿಗೆ ಸರಿಯಾದ ಫೈಲು ಕಳಿಸಬೇಕು ಅಂತ ಅಂದುಕೊಂಡೆ. ಅಂದುಕೊಂಡೆ ಅಷ್ಟೇ.

ದೀಪಾವಳಿಗೆ ಮುಂಚೆ ಒಂದು ಕರಕುಶಲ ಮಾರಾಟ ಮೇಳಕ್ಕೆ ಹೋಗಿದ್ದೆ. ಒಂದು ಮಳಿಗೆಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ರಂಗೋಲಿ ಅಚ್ಚುಗಳನ್ನು ತೂಗುಹಾಕಿದ್ದರು. ಒಂದು 120 ರೂಪಾಯಿ. ಮೂರನೆಯದರ ಮುಂದೆ ನಿಂತುಬಿಟ್ಟೆ. 9ರಿಂದ 5. ನಾನು ಇಟ್ಟ ಜಾಗಗಳಲ್ಲೇ ಸೇತುವೆ. ಎಣಿಸಿದೆ. ಅರವತ್ತು.

ಕಿವಿ ಬಿಸಿಯಾಯಿತು. ಎಲ್ಲರೂ ಬಳಸಿ ಅಂತ ನಾನೇ ಬರೆದಿದ್ದೆ, ಮಾರಬೇಡಿ ಅಂತ ಬರೆದಿರಲಿಲ್ಲ, ಆನೆಯ ಕಥೆಯೂ ಮರೆತಿರಲಿಲ್ಲ. ಆದರೂ ಸಿಟ್ಟು ಬಂತು. ಈಗಲೂ ಪೂರ್ತಿ ಹೋಗಿಲ್ಲ. ಏನೂ ಹೇಳದೆ 120 ರೂಪಾಯಿ ಕೊಟ್ಟು ಒಂದು ತಂದೆ, ಮಳಿಗೆಯ ಕಾರ್ಡನ್ನೂ ಎತ್ತಿಕೊಂಡೆ.

ಅಮ್ಮ ಅದನ್ನು ಕಿಟಕಿಗೆ ಹಿಡಿದಳು. “ನನ್ನದೇ” ಅಂದಳು, ಸ್ವಲ್ಪ ಹೆಮ್ಮೆ ಇತ್ತು ಅಂತಲೇ ಹೇಳಬೇಕು. ಆಮೇಲೆ ಎಣಿಸಿದಳು. “ಮನೆಯದ್ದು ಸರಿ ಮಾಡಿಕೊಂಡೆಯಲ್ಲ, ಅವರಿಗೆ ಯಾಕೆ ಕಳಿಸಲಿಲ್ಲ?”

“ದುಡ್ಡಿಗೆ ಮಾರ್ತಿದಾರಮ್ಮ!”

“ಮಾರಲಿ ಬಿಡು, ಇದನ್ನ ನಾನೇನು ಹೊಟ್ಟೆಯಿಂದ ಹೆತ್ತಿದ್ನಾ? ನನಗೆ ಅಕ್ಕ ಹೇಳಿಕೊಟ್ಟಳು, ಅವಳಿಗೆ ಯಾರೋ. ಆದರೆ ದುಡ್ಡು ಕೊಟ್ಟು ತೊಗೊಂಡು ಹೋದವರ ಮನೆ ಮುಂದೆಲ್ಲ ಆ ಮೂಲೆ ಖಾಲಿ ಇರತ್ತಲ್ಲೇ.”

ಅಂದು ರಾತ್ರಿಯೇ ಗುಂಪಿಗೆ ಹೊಸ ಫೈಲು ಹೋಯಿತು. ಈ ಸಲ ಜೊತೆಗೆ ‘ಓದಲು ಬರಹ’ವನ್ನೂ ಇಟ್ಟೆ, ಅಮ್ಮನ ಹೆಸರು, ದೊಡ್ಡಮ್ಮನ ಹೆಸರು, ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು ಎಂಬ ‘ಸಿಸಿ ಬೈ’ ಪರವಾನಗಿ. ಬೆಳಗ್ಗೆ ಕಾರ್ಡಿನಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಆಕೆಗೆ ಫೈಲು ಯಾವುದೋ ಗುಂಪಿನಿಂದ ಬಂದಿತ್ತಂತೆ, ಯಾರದ್ದು ಅಂತ ಗೊತ್ತಿರಲಿಲ್ಲವಂತೆ. ಗಾಬರಿಯಾಗಿ “ನಿಲ್ಲಿಸಿಬಿಡ್ಲಾ ಮೇಡಂ?” ಅಂದರು. ಚುಕ್ಕಿಯ ವಿಷಯ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, “ನೂರೈವತ್ತರ ಹತ್ತಿರ ಹೋಗಿಬಿಟ್ಟಿದೆ, ಅವರಿಗೆಲ್ಲ ಹೇಗೆ ಹೇಳೋದು?” ಅಂದರು.

ಅದನ್ನು ಅಮ್ಮನ ಮುಂದಿಟ್ಟೆ. ಅವರೆಕಾಳು ಬಿಡಿಸುತ್ತಿದ್ದವಳು ತಲೆಯೆತ್ತದೆ, “ನಿನ್ನ ಅಂಕಣದಲ್ಲಿ ಬರೆದು ಹಾಕು. ಒಂದು ಚುಕ್ಕಿ ತಾನೆ, ಕೈಯಲ್ಲೇ ಇಟ್ಟುಕೊಳ್ಳಲಿ” ಅಂದಳು.

ಬರೆದಿದ್ದೇನೆ. ಕೆಳಗಿನಿಂದ ಎರಡನೇ ಸಾಲು, ಎಡಗಡೆಯ ಮೊದಲನೆಯದು.